ವಜ್ರಲೇಪವೂ ಕಿನ್ನಾಳದ ಲಾಜವಾರವೂ

ಸಂಸ್ಕೃತದ ಶಿಲ್ಪಗ್ರಂಥಗಳಲ್ಲಿ ‘ವಜ್ರಲೇಪ’ವೆಂಬ ಶಬ್ದವು ಬಂದೆಡೆಯಲ್ಲೆಲ್ಲ ಅದಕ್ಕೆ ‘ಗಟ್ಟಿಯಾದ ಅಂಟು’ ಎಂದು ಅರ್ಥಹೇಳಿ ಮುಂದೆ ಸಾಗುವುದು ಅನುವಾದಕರಲ್ಲಿ ರೂಢಿಯಾಗಿದೆ. ಕೋಶದ ಮಟ್ಟಿಗೆ ಈ ಅರ್ಥವು ತಪ್ಪಲ್ಲ. ಆದರೆ ಎರಡು ವಸ್ತುಗಳ ನಡುವೆ ಅಂಟನ್ನು ಬಳಿದು ಅದುಮಿದ ಮಾತ್ರಕ್ಕೆ ಅವು ಒಂದಾಗುವುವೆಂಬ ಭಾವನೆಯಿಂದ ಆ ಗ್ರಂಥಗಳನ್ನು ಓದಿದರೆ, ಅವುಗಳಲ್ಲಿ ಹೇಳಿರುವ ವಿಧಿಗಳ ಬಹುಭಾಗವು ವ್ಯರ್ಥವಾದ ಶ್ರಮವೆಂದೇ ತೋರುವುದು. ಗೋಡೆಗೆ ಮೂರು ಸಲ ಬಳಿಯಬೇಕೇಕೆ? ಪ್ರತಿಸಲವೂ ಒಣಗಲು ಬಿಡಬೇಕೇಕೆ? ಮಣ್ಣಿನ ಮೇಲೆ ಶಂಖದ ಹುಡಿಯು ಬರಬೇಕೇಕೆ? ಈ ಪ್ರಶ್ನೆಗಳಿಗೆ ಗ್ರಂಥಗಳು ಉತ್ತರವನ್ನು ಕೊಡುವುದಿಲ್ಲ. ಕೊಡುವ ಅಗತ್ಯವೂ ಅವಕ್ಕಿರಲಿಲ್ಲ. ಓದುವವನ ಎದುರಿಗೇ ಮಾಡುವವನು ಕುಳಿತಿದ್ದನು. ಅಂತಹ ಮಾಡುವವರು ಇಂದಿಗೂ ಕುಳಿತಿರುವ ಊರುಗಳು ಕನ್ನಡನಾಡಿನಲ್ಲಿ ಕೆಲವೇ. ಅವುಗಳಲ್ಲಿ ಕೊಪ್ಪಳಕ್ಕೆ ಸಮೀಪವಾದ ಕಿನ್ನಾಳವು ಒಂದು. ಅಲ್ಲಿಯ ಚಿತ್ರಗಾರರ ಕೈಕೆಲಸವನ್ನು ಈ ಗ್ರಂಥಗಳಿಗೆ ವ್ಯಾಖ್ಯಾನವೆಂದಿಟ್ಟುಕೊಂಡು ನೋಡಿದರೆ ವಜ್ರಲೇಪದ ಅರ್ಥವು ಕೋಶದಲ್ಲಿರುವುದಕ್ಕಿಂತ ಬೇರೆಯಾಗಿಯೇ ಹೊಳೆಯುವುದು.

ವಜ್ರಲೇಪಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟವನು ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರನು. ಬೃಹತ್ಸಂಹಿತೆಯ ಆ ಅಧ್ಯಾಯದಲ್ಲಿ ಎಳೆಯ ತಿಂದುಕ ಮತ್ತು ಕಪಿತ್ಥಗಳ ಕಾಯಿ, ಶಾಲ್ಮಲಿಯ ಹೂವು, ಸಲ್ಲಕಿಯ ಬೀಜ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಭಾಗವುಳಿಯುವವರೆಗೆ ಕುದಿಸಿ, ಆ ಕಷಾಯಕ್ಕೆ ಗುಗ್ಗುಲು, ಸರ್ಜರಸ, ಕುಂದುರುಕ, ಅಗಸೆ, ಬಿಲ್ವ ಮುಂತಾದುವುಗಳ ಕಲ್ಕವನ್ನು ಕೂಡಿಸಿ, ಬಿಸಿಯಾಗಿರುವಾಗಲೇ ಪ್ರಾಸಾದ, ಪ್ರತಿಮೆ, ಗೋಡೆ, ಬಾವಿಗಳಲ್ಲಿ ಉಪಯೋಗಿಸಬೇಕೆಂದು ವಿಧಿಸಿದೆ. ಅದು ಕೋಟಿ ವರ್ಷ ನಿಲ್ಲುವುದೆಂಬ ಮಾತನ್ನು ಮೀಮಾಂಸಕರ ಅರ್ಥವಾದದ ಗುಂಪಿಗೆ ಸೇರಿಸಿದರೆ ಸಾಕು. ಅದೇ ಅಧ್ಯಾಯದಲ್ಲಿ ಇನ್ನೆರಡು ಲೇಪಗಳುಂಟು. ಕೊಂಬು, ಕೂದಲು, ಎಮ್ಮೆ ದನಗಳ ಚರ್ಮ ಇವುಗಳಿಂದಾದುದು ವಜ್ರತಲ. ಎಂಟು ಭಾಗ ಸೀಸ, ಎರಡು ಭಾಗ ಕಂಚು, ಒಂದು ಭಾಗ ರೀತಿಕೆ ಎಂದರೆ ಹಿತ್ತಾಳೆ ಇವುಗಳನ್ನು ಕರಗಿಸಿದುದು ವಜ್ರಸಂಘಾತ. ಇದನ್ನು ಮಯನು ಹೇಳಿದನೆಂದು ವರಾಹಮಿಹಿರನ ಒಕ್ಕಣೆ. ಗಿಡದ ಅಂಟು, ಪ್ರಾಣಿಯ ಅಂಟು, ಲೋಹದ ಬೆಸುಗೆ ಎಂಬ ಮೂರು ಬಗೆಗಳು ಹೀಗೆ ಒಂದೇ ಕಡೆಯಲ್ಲಿ ನಿರೂಪಿತವಾಗಿವೆ.

ಕನ್ನಡನಾಡಿಗೆ ಹೆಚ್ಚು ಹತ್ತಿರವಾದ ಆಧಾರವು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದ ಇದರ ಮೊದಲ ಭಾಗವನ್ನು ೧೯೨೬ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದರು. ಇಲ್ಲಿ ಒಂದು ಸೂಕ್ಷ್ಮವುಂಟು. ಸೋಮೇಶ್ವರನು ವಜ್ರಲೇಪವೆನ್ನುವುದು ವರಾಹಮಿಹಿರನ ವಜ್ರಲೇಪವಲ್ಲ. ಹಸಿಯ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಿಟ್ಟುದೇ ಅವನ ವಜ್ರಲೇಪ. ಎಂದರೆ ವರಾಹಮಿಹಿರನ ವಜ್ರತಲಕ್ಕೆ ಅದು ಹತ್ತಿರದ ಸಂಬಂಧಿ. ಹೆಸರು ಉಳಿದು ವಸ್ತುವು ಬದಲಾದುದರಿಂದ, ಆ ಹೆಸರು ಒಂದು ನಿಯತವಾದ ದ್ರವ್ಯವನ್ನು ಹೇಳದೆ ಒಂದು ಕಾರ್ಯವನ್ನು ಹೇಳುತ್ತಿತ್ತೆಂದು ಊಹಿಸಲು ಅವಕಾಶವಾಗುತ್ತದೆ.

ಆ ಕಾರ್ಯವು ಯಾವುದೆಂಬುದನ್ನು ಸೋಮೇಶ್ವರನ ಕ್ರಮದಿಂದಲೇ ತಿಳಿಯಬಹುದು. ಒಣಗಿಸಿಟ್ಟ ಕಡ್ಡಿಯನ್ನು ಮಣ್ಣಿನ ಪಾತ್ರೆಯಲ್ಲಿ ಬಿಸಿನೀರಿನೊಡನೆ ಕರಗಿಸಿ, ಬಿಳಿಯ ಮಣ್ಣನ್ನು ಬೆರಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕು. ಅದರ ಮೇಲೆ ಶಂಖದ ಹುಡಿಯನ್ನು ಅದೇ ವಜ್ರಲೇಪದೊಡನೆ ಸೇರಿಸಿ ನಯವಾಗುವವರೆಗೆ ಬಳಿಯಬೇಕು. ಮೇಲೆ ಬರುವ ಬಣ್ಣಗಳಿಗೂ ಅದೇ ಲೇಪವು ಸೇರಬೇಕು. ಕೊನೆಗೆ ಬಂಗಾರ: ತೆಳುವಾದ ಹೊನ್ನನ್ನು ಕಲ್ಲಿನ ಮೇಲೆ ಅರೆದು, ಕಂಚಿನ ಪಾತ್ರೆಯಲ್ಲಿ ನೀರೆರೆದು ಕಲ್ಲಿನ ಹುಡಿಯು ಹೋಗುವಂತೆ ಮತ್ತೆಮತ್ತೆ ತೊಳೆದು, ವಜ್ರಲೇಪದೊಡನೆ ಕೂಡಿಸಿ ಕುಂಚದಿಂದ ಹಚ್ಚಿ, ಒಣಗಿದ ಬಳಿಕ ಹಂದಿಯ ಕೋರೆಯಿಂದ ಮಿಂಚಿನಂತೆ ಹೊಳೆಯುವವರೆಗೆ ಉಜ್ಜಬೇಕು. ನೆಲಗಟ್ಟಿನಲ್ಲಿಯೂ ಬಣ್ಣದಲ್ಲಿಯೂ ಲೋಹದಲ್ಲಿಯೂ ಒಂದೇ ಅಂಟು ಬೇರೆಬೇರೆ ಹದದಲ್ಲಿ ಹಾಯ್ದುಹೋಗಿರುವುದನ್ನು ವಾಚಕರು ಗಮನಿಸಬೇಕು. ಗೋಡೆಗೆ ಬಂಗಾರವನ್ನು ಹಿಡಿಸಿದುದು ಅವೆರಡರ ನಡುವಿನ ಒಂದು ಗೆರೆಯಷ್ಟು ಅಂಟಲ್ಲ. ಗೋಡೆಯಿಂದ ಹಿಡಿದು ಬಂಗಾರದವರೆಗೆ ಕಡಿಯದೆ ಸಾಗಿದ ಒಂದು ಬಂಧವು. ಭೋಜನ ಸಮರಾಂಗಣಸೂತ್ರಧಾರದಲ್ಲಿ ‘ಭೂಮಿಬಂಧ’ವೆಂಬ ಹೆಸರಿನಿಂದ ಹೇಳಿರುವ ವಿಷಯವೂ ಇದೇ. ಚಿತ್ರಶಾಸ್ತ್ರದಲ್ಲಿ ‘ಭೂಮಿ’ಯೆಂದರೆ ಚಿತ್ರವು ನಿಲ್ಲುವ ನೆಲ, ಅದನ್ನು ಕಟ್ಟುವುದು ಚಿತ್ರ ಬರೆಯುವುದಕ್ಕಿಂತ ಮೊದಲಿನ, ಬಹುಮಟ್ಟಿಗೆ ಅದಕ್ಕಿಂತ ದೀರ್ಘವಾದ ಕೆಲಸ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಇಟ್ಟಿಗೆಯ ಹುಡಿ, ಗುಗ್ಗುಲು, ಜೇನುಮೇಣ, ಬೆಲ್ಲ ಮೊದಲಾದುವುಗಳ ಮಿಶ್ರಣವನ್ನು ಒಂದು ತಿಂಗಳು ನೆನೆಯಿಡಬೇಕೆನ್ನುತ್ತದೆ.

ಮಾನಸೋಲ್ಲಾಸದ ಈ ವಿಧಿಗಳು ಆಚರಣೆಯಲ್ಲಿದ್ದ ರಾಜ್ಯದ ನಡುವೆಯೇ ಇಂದಿನ ಕೊಪ್ಪಳ ಸೀಮೆಯು ಇದ್ದಿತು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಡಿಸಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿಂದ ರಚಿಸಿದ ಈ ಜಿಲ್ಲೆಯಲ್ಲಿ, ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವಾಲಯವಿದೆ. ಶಾಸನವು ಅದನ್ನು ದೇವಾಲಯಚಕ್ರವರ್ತಿಯೆಂದು ಹೊಗಳಿದೆ. ಯಲಬುರ್ಗೆಯು ಎರಂಬರಗೆಯೆಂಬ ಹೆಸರಿನಿಂದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿದ್ದಿತು. ಚಾಲುಕ್ಯಕಾಲದ ವರ್ಣಚಿತ್ರವೊಂದನ್ನು ತೋರಿಸಿ ‘ಇದೇ ಸೋಮೇಶ್ವರನ ವಜ್ರಲೇಪ’ ಎನ್ನುವುದು ಸಾಧ್ಯವಲ್ಲದಿದ್ದರೂ, ವಿಜಯನಗರದ ಕಾಲಕ್ಕೆ ಬಂದರೆ ಕಣ್ಣಿಗೆ ಕಾಣುವ ಆಧಾರಗಳು ದೊರೆಯುತ್ತವೆ. ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಹುಚ್ಚಪ್ಪಯ್ಯನ ಮಠದ ಮಾಳಿಗೆಯ ಮೇಲೆ ಚಿತ್ರಗಳ ಅವಶೇಷಗಳಿವೆ. ಹೊಳೆಯಾಚೆ ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಇಡೀ ಚಿತ್ರಸಂತತಿಯೇ ಉಳಿದಿದೆ. ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ಈ ಸೀಮೆಯ ಗಾದೆಗೆ, ಕೈಯಿದ್ದವರು ಕಿನ್ನಾಳವನ್ನು ನೋಡಬೇಕೆಂದು ಸೇರಿಸಿದರೆ ಅತಿಶಯೋಕ್ತಿಯಾಗದು. ಹಂಪೆಯ ಆ ಚಿತ್ರಗಳನ್ನೂ ಪಂಪಾಪತಿಯ ಮರದ ತೇರಿನ ಕೆಲಸವನ್ನೂ ತಮ್ಮ ಪೂರ್ವಿಕರೇ ಮಾಡಿದರೆಂದು ಕಿನ್ನಾಳದ ಚಿತ್ರಗಾರರಲ್ಲಿ ಪರಂಪರೆಯಾಗಿ ಬಂದ ಹೇಳಿಕೆ. ಮುಂದೆ ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿ ಕೊಪ್ಪಳವು ಸಾಲಾರ್‌ಜಂಗ್ ಮನೆತನದ ಜಹಗೀರಿಯಾಗಿದ್ದಿತು. ಅರಸರು ಹಲವರು ಬದಲಾದರೂ ಕುಲವೃತ್ತಿಯು ಅದೇ ಊರಿನಲ್ಲಿ ಉಳಿಯಿತು.

ಕಿನ್ನಾಳದಲ್ಲಿ ಆಗುವುದು ಮರದ ಕೆಲಸ: ದೇವತೆಗಳ ವಿಗ್ರಹ, ಗ್ರಾಮದೇವತೆ, ಪ್ರಾಣಿ ಪಕ್ಷಿಗಳ ಬೊಂಬೆ. ಮರವು ಹಗುರವಾದ ಜಾತಿಯದು. ಬೊಂಬೆಯನ್ನು ಒಂದೇ ತುಂಡಿನಿಂದ ಕಡೆಯುವುದಿಲ್ಲ. ಬೇರೆಬೇರೆ ಅಂಗಗಳನ್ನು ಮಾಡಿ ಜೋಡಿಸುತ್ತಾರೆ. ಗರುಡನ ಮೂರ್ತಿಗೆ ೧೨ ಅಂಗಗಳೂ ಪೀಠದ ಮೇಲೆ ಕುಳಿತ ಗಣಪತಿಗೆ ೨೨ ಅಂಗಗಳೂ ಆಗುತ್ತವೆಂದು ಹೇಳುತ್ತಾರೆ. ಆದುದರಿಂದ ಬಣ್ಣದ ಮಾತು ಬರುವುದಕ್ಕೆ ಮೊದಲೇ ಅಂಟಿನ ಮಾತು ಬರುತ್ತದೆ. ಜೋಡಣೆಯ ಅಂಟು ಹುಣಿಸೆಯ ಬೀಜದ್ದು. ಅದರೊಡನೆ ನುಣ್ಣಗೆ ಮಾಡಿದ ಹರಳುಕಲ್ಲಿನ ಹುಡಿಯು ಸೇರುತ್ತದೆ. ಅಂಗಗಳು ಕೂಡಿದ ಮೇಲೆ ‘ಕಿಟ್ಟ’ವೆಂಬುದನ್ನು ಮೈಗೆಲ್ಲ ಕೈಯಿಂದ ಮೆತ್ತುತ್ತಾರೆ. ಗೋಣಿಯ ಚಿಂದಿಗಳನ್ನು ನೆನೆಯಿಟ್ಟು, ಸಣ್ಣಗೆ ಕತ್ತರಿಸಿ, ಒಣಗಿಸಿ, ಹುಡಿಮಾಡಿ, ಮರದ ಹುಡಿ ಮತ್ತು ಹುಣಿಸೆಯ ಬೀಜದ ಅಂಟಿನೊಡನೆ ಕಲಸಿದುದೇ ಕಿಟ್ಟ. ಅದರ ಮೇಲೆ ಹತ್ತಿಯ ಅರಿವೆಯ ಸಣ್ಣಸಣ್ಣ ತುಣುಕುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅರಿವೆಯ ಮೇಲೆ ಕಲ್ಲುಹುಡಿಯ ಲೇಪ. ಬಣ್ಣವು ನಿಲ್ಲುವುದು ಇದರ ಮೇಲೆ. ಒಡವೆ, ಕಿರೀಟ, ಸೀರೆಯ ಅಂಚು ಮೊದಲಾದ ಉಬ್ಬುಕೆಲಸವನ್ನು ಕಲ್ಲುಹುಡಿಗೆ ತೆಳುವಾದ ಅಂಟನ್ನು ಸೇರಿಸಿ ಎತ್ತುತ್ತಾರೆ.

ಸೋಮೇಶ್ವರನ ಗೋಡೆಯನ್ನೂ ಈ ಬೊಂಬೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ದ್ರವ್ಯಗಳು ಬೇರೆ, ಕ್ರಮವು ಒಂದೇ. ಅಲ್ಲಿ ಎಮ್ಮೆಯ ಚರ್ಮ, ಇಲ್ಲಿ ಹುಣಿಸೆಯ ಬೀಜ. ಅಲ್ಲಿ ಬಿಳಿಮಣ್ಣು ಮತ್ತು ಶಂಖ, ಇಲ್ಲಿ ನಾರು ಮತ್ತು ಕಲ್ಲುಹುಡಿ. ಎರಡರಲ್ಲಿಯೂ ಒರಟಾದುದು ಕೆಳಗೆ, ನಯವಾದುದು ಮೇಲೆ. ಕೆಳಗಿನ ಪದರಗಳ ಉದ್ದಕ್ಕೂ ಒಂದೇ ಅಂಟಿನ ಅನುವೃತ್ತಿ. ಪಾಣಿನಿಯ ಸೂತ್ರಗಳಲ್ಲಿ ಮೇಲಿನ ಪದವು ಮುಂದಿನ ಸೂತ್ರಗಳಿಗೆ ಇಳಿದುಬರುವಂತೆ, ಇಲ್ಲಿ ಕೆಳಗಿನ ಪದರದ ಅಂಟು ಮೇಲಿನ ಪದರಕ್ಕೆ ಏರಿಬರುತ್ತದೆ.

ಈ ಕ್ರಮಕ್ಕೆ ಕಾರಣವನ್ನು ಇಂದಿನ ರಸಾಯನಶಾಸ್ತ್ರದಿಂದ ಹೇಳುವುದು ಸುಲಭವಾಗಿದೆ. ಹುಣಿಸೆಯ ಬೀಜದ ಅಂಟಿನ ಮುಖ್ಯದ್ರವ್ಯವು ಕ್ಸೈಲೋಗ್ಲೂಕನ್ ಎಂಬ ಶರ್ಕರಾಸರಣಿ. ಬೇಯಿಸಿದ ಚರ್ಮದ ಅಂಟು ಕೊಲಾಜನ್ ಎಂಬ ಮಾಂಸಸಾರದಿಂದ ಆದುದು. ಎರಡೂ ಪಾಲಿಮರುಗಳು, ಎಂದರೆ ಚಿಕ್ಕ ಅಣುಘಟಕಗಳು ಸರಪಳಿಯ ಕೊಂಡಿಗಳಂತೆ ಸೇರಿ ಬಹುದೀರ್ಘವಾದುವು. ಮರದ ನಾರು ಸೆಲ್ಯುಲೋಸ್. ಹತ್ತಿಯ ಅರಿವೆಯೂ ಸೆಲ್ಯುಲೋಸ್. ಗೋಣಿಯ ನಾರಿನಲ್ಲಿಯೂ ಅದೇ ಮುಖ್ಯ. ಸಸ್ಯಗಳ ಜೀವಕೋಶದ ಭಿತ್ತಿಯಲ್ಲಿ ಸೆಲ್ಯುಲೋಸಿನ ಎಳೆಗಳಿಗೆ ಹತ್ತಿಕೊಂಡು ಜೊತೆಯಾಗಿರುವ ದ್ರವ್ಯವು ಕ್ಸೈಲೋಗ್ಲೂಕನ್ನೇ. ಎಂದರೆ ಚಿತ್ರಗಾರನು ಮರಕ್ಕೂ ಅರಿವೆಗೂ ಹುಣಿಸೆಯ ಬೀಜವನ್ನು ಆರಿಸಿಕೊಂಡಾಗ, ಗಿಡವು ತನ್ನ ಮೈಯೊಳಗೆ ಮಾಡಿಕೊಂಡಿರುವ ಸಂಬಂಧವನ್ನೇ ಹೊರಗೆ ಮತ್ತೊಮ್ಮೆ ಮಾಡುತ್ತಾನೆ. ಮರವು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದು. ಕಲ್ಲುಹುಡಿಯ ಲೇಪವಾದರೋ ಹಿಗ್ಗಲಾರದು. ನಡುವೆ ನಾರು ತುಂಬಿದ ಕಿಟ್ಟವೂ ಅರಿವೆಯೂ ಇದ್ದು ಆ ಎಳೆದಾಟವನ್ನು ತಾವು ಹೊರುತ್ತವೆ. ಈ ಅಂಟಿಗೆ ದೋಷಗಳಿಲ್ಲವೆಂದಲ್ಲ. ನೀರು ತಗುಲಿದರೆ ಮೆತ್ತಗಾಗುತ್ತದೆ, ಹುಳಕ್ಕೆ ಆಹಾರವಾಗುತ್ತದೆ.

ಇನ್ನು ಲೋಹದ ಮಾತು. ಕಿನ್ನಾಳದ ಹಳೆಯ ಕೆಲಸದಲ್ಲಿ ಒಡವೆಗಳು ಬಂಗಾರದಂತೆ ಹೊಳೆಯುವುದಕ್ಕೆ ಬಂಗಾರವೇ ಕಾರಣವಲ್ಲ. ತವರವನ್ನು ಬಹಳ ತೆಳುವಾಗಿಸಿ ಅಂಟಿನಿಂದ ಮೈಗೆ ಹಿಡಿಸಿ, ಆ ಬೆಳ್ಪಿನ ಮೇಲೆ ಹಳದಿಯ ಮೆರುಗನ್ನು ಕೊಟ್ಟು ಹೊನ್ನಿನ ಛಾಯೆಯನ್ನು ತರುವ ವಿಧಾನವದು. ಅದಕ್ಕೆ ಲಾಜವಾರವೆಂದು ಹೆಸರು. ಈ ಹೆಸರು ಪಾರಸೀಕದ ‘ಲಾಜವರ್ದ್’ ಎಂಬುದನ್ನು ನೆನಪಿಗೆ ತರುತ್ತದೆ. ಅದರ ಅರ್ಥವಾದರೋ ನೀಲಿಯ ಕಲ್ಲು, ಸಂಸ್ಕೃತದ ರಾಜಾವರ್ತ. ಬೆಲೆಬಾಳುವ ವರ್ಣದ್ರವ್ಯವೊಂದರ ಹೆಸರು ಬೆಲೆಬಾಳುವಂತೆ ತೋರಿಸುವ ಕೆಲಸಕ್ಕೆ ಜಾರಿಬಂದಿರಬಹುದು. ದರ್ಬಾರಿನ ಭಾಷೆಯಿಂದ ಕುಶಲಕರ್ಮಿಗಳ ಬಾಯಿಗೆ ಬಂದ ಶಬ್ದಗಳು ಹೀಗೆ ಜಾರುವುದು ಹೊಸದಲ್ಲ. ತವರದ ಆಯ್ಕೆಯೂ ವಿವೇಕದಿಂದಾದುದೇ. ಅದು ಬಡಿದರೆ ತೆಳುವಾಗುವುದು, ೨೩೨ ಡಿಗ್ರಿ ಸೆಂಟಿಗ್ರೇಡಿನಷ್ಟು ಅಲ್ಪತಾಪದಲ್ಲಿ ಕರಗುವುದು, ಬೆಳ್ಳಿಯಂತೆ ಗಾಳಿಯಲ್ಲಿ ಕಪ್ಪಾಗುವುದಿಲ್ಲ. ಮಧ್ಯಯುಗದ ಯೂರೋಪಿನ ಚಿತ್ರಕಾರರೂ ತವರದ ತಗಡಿನ ಮೇಲೆ ಹಳದಿಯ ವಾರ್ನಿಷನ್ನು ಕೊಟ್ಟು ಬಂಗಾರವೆನಿಸುತ್ತಿದ್ದರು.

ಲಾಜವಾರದಲ್ಲಿ ಕಷ್ಟವಾದ ಬೆಸುಗೆಗಳು ಎರಡು: ಲೋಹದ ಕೆಳಗೊಂದು, ಲೋಹದ ಮೇಲೊಂದು. ಮರವಾಗಲಿ ಅರಿವೆಯಾಗಲಿ ಅಂಟನ್ನು ಹೀರಿಕೊಳ್ಳುತ್ತದೆ, ಲೋಹವು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಅಂಟು ಗಟ್ಟಿಯಾಗಬೇಕಾದರೆ ಆ ನೀರು ಎಲ್ಲಿಗಾದರೂ ಹೋಗಬೇಕು. ಮೇಲೆ ತಗಡು ಮುಚ್ಚಿಕೊಂಡಿರುವಾಗ ಅದಕ್ಕೆ ದಾರಿಯು ಕೆಳಮುಖವಾಗಿ, ಸೂಕ್ಷ್ಮರಂಧ್ರಗಳುಳ್ಳ ಕಲ್ಲುಹುಡಿಯ ಪದರದೊಳಕ್ಕೆ ಮಾತ್ರ. ಆದುದರಿಂದಲೇ ಲೋಹವು ಬರುವ ಕಡೆಯಲ್ಲಿ ಕಲ್ಲುಹುಡಿಯ ಭೂಮಿ ಬೇಕು. ಎಣ್ಣೆಯ ಬಣ್ಣವನ್ನು ಬಳಿದು ಅದರ ಮೇಲೆ ನೀರಂಟಿನಿಂದ ತಗಡನ್ನು ಹಚ್ಚಿದರೆ ಅದು ನಿಲ್ಲದು. ಸೋಮೇಶ್ವರನು ಚಿನ್ನವನ್ನು ಹಾಳೆಯಾಗಿ ಹಚ್ಚದೆ ಅರೆದು ಅಂಟಿನೊಡನೆ ಕೂಡಿಸಿದುದಕ್ಕೂ ಇದೇ ಸಮಾಧಾನ: ಅರೆದಾಗ ಒಂದೊಂದು ಕಣದ ಸುತ್ತಲೂ ಅಂಟು ಇರುತ್ತದೆ, ನೀರಿಗೆ ಎಲ್ಲ ಕಡೆಯಲ್ಲಿಯೂ ದಾರಿ ಇರುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹಾಳೆಯನ್ನೇ ಹಚ್ಚುವವರು. ಆದರೆ ಅವರೂ ಮಕ್ಕಿ ಸಫೇದವೆಂಬ, ಬಿಳಿಯ ಹುಡಿ ಮತ್ತು ರೇವಣಚಿನ್ನಿಯ ಹಾಲನ್ನು ಅಂಟಿನೊಡನೆ ಸೇರಿಸಿದ ಲೇಪದಿಂದ ಉಬ್ಬನ್ನು ಎತ್ತಿದ ಮೇಲೆಯೇ ಬಂಗಾರವನ್ನು ಕೂರಿಸುವರು. ಎಲ್ಲಿ ನೋಡಿದರೂ ಲೋಹಕ್ಕೆ ಮೊದಲು ಭೂಮಿ.

ಈ ಕಷ್ಟವು ಎಷ್ಟು ಆಳವಾದುದೆಂಬುದು ವಿಮಾನನಿರ್ಮಾಣದ ಇತಿಹಾಸದಿಂದ ಇನ್ನೂ ಸ್ಪಷ್ಟವಾಗುತ್ತದೆ. ೧೯೪೧ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರುಯ್ನ್ ಎಂಬ ವಿದ್ವಾಂಸನ ಸಂಸ್ಥೆಯು ಲೋಹವನ್ನು ಕಟ್ಟುವ ಅಂಟೊಂದನ್ನು ಸಿದ್ಧಪಡಿಸಿತು. ‘ರಿಸರ್ಚ್’ ಮತ್ತು ‘ಡಕ್ಸ್‌ಫರ್ಡ್’ ಎಂಬೆರಡು ಮಾತುಗಳ ಮೊದಲ ಅಕ್ಷರಗಳಿಂದ ಅದಕ್ಕೆ ‘ರೆಡಕ್ಸ್’ ಎಂದು ಹೆಸರಾಯಿತು. ಅದರ ಪ್ರಯೋಗಕ್ರಮವು ಮನನೀಯವಾಗಿದೆ. ಮೊದಲು ದ್ರವರೂಪದ ಫಿನಾಲಿಕ್ ರಾಳವನ್ನು ಲೋಹದ ಮೈಗೆ ತೆಳುವಾಗಿ ಬಳಿಯುವುದು. ಆಮೇಲೆ ಪಾಲಿವಿನೈಲ್ ಫಾರ್ಮಲ್ ಎಂಬ ಪಾಲಿಮರಿನ ಹುಡಿಯನ್ನು ಅದರ ಮೇಲೆ ಉದುರಿಸುವುದು. ಬಳಿಕ ಕಾವು ಮತ್ತು ಒತ್ತಡ. ಲೋಹವನ್ನು ತೋಯಿಸಿ ಹಿಡಿಯುವ ಕೆಲಸ ದ್ರವಕ್ಕೆ, ಬಾಗಿದರೂ ಬಿರಿಯದಿರುವ ಕೆಲಸ ಹುಡಿಗೆ. ೧೯೪೪ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಕಂಪನಿಯ ಹಾರ್ನೆಟ್ ವಿಮಾನದಲ್ಲಿ ಮರಕ್ಕೆ ಅಲ್ಯೂಮಿನಿಯಮ್ಮನ್ನು ಕೂಡಿಸಿದುದು ಈ ಅಂಟೇ. ಅದೇ ಕಂಪನಿಯ ವ್ಯಾಂಪೈರ್ ವಿಮಾನಗಳು ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾದುವು. ಅವುಗಳ ನಡುವಿನ ಒಡಲು ಪದರಮರದ್ದು, ರೆಕ್ಕೆ ಲೋಹದ್ದು. ಮರದ ಮೇಲೆ ಲೋಹವನ್ನು ನಿಲ್ಲಿಸುವ ಸಮಸ್ಯೆಯಲ್ಲಿ ಕಿನ್ನಾಳದ ಗರುಡನಿಗೂ ಈ ಗರುಡಯಂತ್ರಗಳಿಗೂ ಒಂದು ದೂರದ ಬಾಂಧವ್ಯವುಂಟೆನ್ನಬಹುದು.

ಅಲ್ಯೂಮಿನಿಯಮ್ಮಿನ ಮೈಯು ಗಾಳಿಗೆ ತೆರೆದ ಕೂಡಲೇ ಆಕ್ಸೈಡಿನ ಸೂಕ್ಷ್ಮವಾದ ಪೊರೆಯಿಂದ ಮುಚ್ಚಿಕೊಳ್ಳುತ್ತದೆ. ಆದುದರಿಂದ ಅಂಟು ಹಿಡಿಯುವುದು ಲೋಹವನ್ನಲ್ಲ, ಆ ಪೊರೆಯನ್ನು. ಪೊರೆಯು ದುರ್ಬಲವಾಗಿದ್ದರೆ ಅಂಟು ಎಷ್ಟು ಬಲವಾಗಿದ್ದರೂ ಫಲವಿಲ್ಲ. ಅದಕ್ಕಾಗಿ ಲೋಹವನ್ನು ತೊಳೆದು, ಆಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ಜೇನುಹುಟ್ಟಿನಂತೆ ರಂಧ್ರಗಳುಳ್ಳ ಹೊಸ ಪೊರೆಯೊಂದನ್ನು ಬೆಳೆಯಿಸುವರು. ಹಾಗೆ ಸಂಸ್ಕರಿಸಿದ ಮೈಯೂ ಬಹುಕಾಲ ಶುದ್ಧವಾಗಿರದು. ಗಾಳಿಯ ತೇವ, ಕೈಯ ಜಿಡ್ಡು ತಗುಲಿದರೆ ಕೆಡುವುದು. ಆದುದರಿಂದ ಒಡನೆಯೇ ಪ್ರೈಮರ್ ಎಂಬ, ಬಹು ನೀರಾದ ಪಾಲಿಮರ್ ಲೇಪವನ್ನು ಕೆಲವೇ ಮೈಕ್ರಾನು ದಪ್ಪಕ್ಕೆ ಕೊಡುವರು. ಅದು ತೆಳುವಾದುದರಿಂದ ರಂಧ್ರಗಳೊಳಕ್ಕೆ ಇಳಿಯುವುದು. ಗಟ್ಟಿಯಾದ ಮೇಲೆ ಪೊರೆಯನ್ನು ನೀರಿನಿಂದ ಕಾಯುವುದು. ಮೇಲೆ ಬರುವ ಅಂಟಿಗೆ ಹೊಂದುವಂತೆ ಆರಿಸಿದ ರಾಳವಾದುದರಿಂದ ಅದರೊಡನೆ ಕೂಡಿಕೊಳ್ಳುವುದು. ಎಪಾಕ್ಸಿ ಅಂಟಿನ ಕೆಳಗೆ ಎಪಾಕ್ಸಿಯ ಜಾತಿಯ ಪ್ರೈಮರನ್ನು ಕೊಡುವುದು ಇದಕ್ಕಾಗಿಯೇ. ಸೋಮೇಶ್ವರನು ಮಣ್ಣಿಗೂ ಬಣ್ಣಕ್ಕೂ ಬಂಗಾರಕ್ಕೂ ಒಂದೇ ವಜ್ರಲೇಪವನ್ನು ವಿಧಿಸಿದುದರ ತಾತ್ಪರ್ಯವೂ ಬೇರೆಯಲ್ಲ.

ಇಲ್ಲಿ ಮುಖ್ಯಶತ್ರುವು ನೀರು. ಲೋಹದ ಆಕ್ಸೈಡಿಗೆ ಅಂಟಿಗಿಂತಲೂ ನೀರಿನ ಮೇಲೆ ಒಲವು ಹೆಚ್ಚು. ಸಂದಿನಲ್ಲಿ ಸೇರಿದ ತೇವವು ಅಂಟನ್ನು ಮೆಲ್ಲಮೆಲ್ಲನೆ ತಳ್ಳಿ ಅದರ ಸ್ಥಾನವನ್ನು ತಾನು ಆಕ್ರಮಿಸುತ್ತದೆ. ೧೯೮೮ರ ಏಪ್ರಿಲ್ ೨೮ರಂದು ಹವಾಯಿ ದ್ವೀಪಗಳ ಮೇಲೆ ಅಲೋಹಾ ಕಂಪನಿಯ ಬೋಯಿಂಗ್ ೭೩೭ ವಿಮಾನವೊಂದರ ಮೇಲ್ಭಾಗವು ಹಾರುತ್ತಿರುವಾಗಲೇ ಕಿತ್ತುಹೋಗಿ, ಒಬ್ಬ ಪರಿಚಾರಿಕೆಯು ಪ್ರಾಣವನ್ನು ಕಳೆದುಕೊಂಡಳು. ಅದರ ತಗಡುಗಳ ಸಂದಿನಲ್ಲಿ ಕಾವಿಲ್ಲದೆ ಮಾಡಿದ ಅಂಟುಬಂಧವು ತೇವದಿಂದ ಬಿಟ್ಟು, ತುಕ್ಕು ಹಿಡಿದು, ಭಾರವೆಲ್ಲವೂ ರಿವೆಟ್ಟುಗಳ ಮೇಲೆ ಬಿದ್ದು, ಅವುಗಳ ರಂಧ್ರಗಳ ಅಂಚಿನಲ್ಲಿ ಬಿರುಕುಗಳು ಬೆಳೆದಿದ್ದುವು. ಮೇಲಿನಿಂದ ನೋಡಿದವರಿಗೆ ಬಣ್ಣವು ಮಾತ್ರ ಕಾಣುತ್ತಿದ್ದಿತು.

ಕಿನ್ನಾಳದ ಕಡೆಗೆ ಮತ್ತೆ ತಿರುಗಿದರೆ, ಅಲ್ಲಿಯ ಪ್ರಶ್ನೆಯು ಪ್ರಾಣದ್ದಲ್ಲದಿದ್ದರೂ ಸಣ್ಣದಲ್ಲ. ಇಂದು ಅಂಗಡಿಯ ಸಿದ್ಧಬಣ್ಣಗಳೂ ಕೃತಕವಾದ ಅಂಟುಗಳೂ ಕೈಗೆಟಕು ಬೆಲೆಗೆ ದೊರೆಯುತ್ತವೆ. ಇವುಗಳಿಂದ ಕಲೆಯು ಕೆಟ್ಟಿತೆಂದು ಗೋಳಿಡುವವರ ಮಾತು ವಿಚಾರಸಹವಲ್ಲ. ಮರಗೆಲಸದವರ ಬಿಳಿಯ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರು. ಹುಣಿಸೆಯ ಬೀಜವೂ ಪಾಲಿಮರೇ. ಮರಕ್ಕೆ ಮರವನ್ನು ಕೂಡಿಸುವಲ್ಲಿ ಮೊದಲನೆಯದನ್ನು ಹುಳವು ಸುಲಭವಾಗಿ ತಿನ್ನದೆಂಬುದು ಅದರ ಗುಣವೇ ಆಗಿದೆ. ವರಾಹಮಿಹಿರನಿಂದ ಸೋಮೇಶ್ವರನವರೆಗೆ ಬರುವಾಗ ವಜ್ರಲೇಪದ ದ್ರವ್ಯವು ಬದಲಾಗಬಹುದಾಗಿದ್ದರೆ, ಸೋಮೇಶ್ವರನಿಂದ ಇಂದಿನವರೆಗೆ ಬರುವಾಗ ಬದಲಾಗಬಾರದೆಂಬ ನಿಯಮವೇನೂ ಇಲ್ಲ. ಅಪಾಯವಿರುವುದು ಕಿಟ್ಟ, ಅರಿವೆ, ಕಲ್ಲುಹುಡಿ ಇವುಗಳನ್ನು ಬಿಟ್ಟು ಮರದ ಮೇಲೆ ನೇರವಾಗಿ ಬಣ್ಣವನ್ನು ಬಳಿಯುವುದರಲ್ಲಿ. ಆಗ ಬೊಂಬೆಯು ಅಂಗಡಿಯಲ್ಲಿರುವವರೆಗೆ ಚೆನ್ನಾಗಿಯೇ ಇರುವುದು. ಎರಡು ಮಳೆಗಾಲ ಕಳೆಯುವುದರೊಳಗೆ ಸಂದುಗಳಲ್ಲಿ ಬಿರಿಯಲು ತೊಡಗುವುದು.

ಹಳೆಯ ಗ್ರಾಮದೇವತೆಗಳ ವಿಷಯದಲ್ಲಿ ಇದಕ್ಕಿಂತಲೂ ಹೆಚ್ಚಿನ ಎಚ್ಚರವು ಬೇಕು. ಕಾಲಕಾಲಕ್ಕೆ ದೇವತೆಗೆ ಬಣ್ಣವನ್ನು ಮಾಡಿಸುವುದು ಸಂಪ್ರದಾಯವೇ ಆಗಿರುವುದರಿಂದ ಅದನ್ನು ಆಕ್ಷೇಪಿಸಲಾಗದು. ಆದರೆ ಲಾಜವಾರದ ಮೇಲೆ ಎನಾಮೆಲ್ ಬಣ್ಣವನ್ನು ದಪ್ಪವಾಗಿ ಬಳಿದರೆ, ಮರದೊಳಗಿನ ತೇವಕ್ಕೆ ಹೊರಬರುವ ದಾರಿಯು ಮುಚ್ಚಿ, ನೀರಿಗೆ ಮೆತ್ತಗಾಗುವ ಒಳಗಿನ ಅಂಟು ಸಡಿಲವಾಗುವುದು. ಮುಂದೆ ಎನಾಮೆಲ್ ಬಣ್ಣವು ಹಪ್ಪಳದಂತೆ ಏಳುವಾಗ ತಾನೊಂದೇ ಏಳುವುದಿಲ್ಲ. ಕೆಳಗಿನ ತವರವನ್ನೂ ಕಲ್ಲುಹುಡಿಯನ್ನೂ ಹೊತ್ತುಕೊಂಡೇ ಬರುವುದು. ಹಾಗೆ ಬಿದ್ದ ಚೂರುಗಳನ್ನು ಗುಡಿಸಿ ಎಸೆಯುವುದು ವಾಡಿಕೆ. ಉಗುರಿನಷ್ಟು ಅಗಲದ ಒಂದು ಚೂರನ್ನು ಎತ್ತಿಟ್ಟು, ಅದರ ಅಂಚನ್ನು ನಯಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಅರಿವೆಯ ಎಳೆ, ಕಲ್ಲಿನ ಕಣ, ಅಂಟು, ತವರದ ಬಿಳಿಯ ಗೆರೆ, ಹಳದಿಯ ಮೆರುಗು ಎಲ್ಲವೂ ಒಂದರ ಮೇಲೊಂದಾಗಿ, ಮಾನಸೋಲ್ಲಾಸದ ಶ್ಲೋಕಗಳು ಬರುವ ಕ್ರಮದಲ್ಲಿಯೇ ಕಾಣುವುವು.